14ರ ಹುಡುಗಿಯರ ಫುಟ್‌ಬಾಲ್: ಸೆಕೆಂಡ್ ಹಾಫ್‌ನಲ್ಲಿ ಪಾಸ್ ಯಾಕೆ ತಪ್ಪುತ್ತದೆ? ಸ್ಟ್ಯಾಮಿನಾ ಸಾಲದೋ, ಟೆಕ್ನಿಕ್ ಸಾಲದೋ?

ಮೈಸೂರಿನ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 14 ವರ್ಷ. ಶಾಲೆಯ ತಂಡದಲ್ಲಿ ರೈಟ್ ಮಿಡ್‌ಫೀಲ್ಡ್ ಆಡುತ್ತಾಳೆ. ಮೊದಲ ಹಾಫ್‌ನಲ್ಲಿ ಅವಳ ಆಟ ನೋಡುವುದೇ ಖುಷಿ. ಚೆಂಡು ತಗೊಳ್ಳುತ್ತಾಳೆ, ತಿರುಗುತ್ತಾಳೆ, ಸರಿಯಾದ ಜಾಗಕ್ಕೆ ಕೊಡುತ್ತಾಳೆ. ಸೆಕೆಂಡ್ ಹಾಫ್ ಶುರುವಾಗಿ ಸ್ವಲ್ಪ ಹೊತ್ತಿಗೆ ಎಲ್ಲ ಬದಲಾಗುತ್ತದೆ. ಬಂದ ಚೆಂಡು ಕಾಲಿಗೆ ತಗುಲಿ ಆಚೆ ಪುಟಿಯುತ್ತದೆ. ಸುಲಭದ ಪಾಸ್ ಕೂಡ ಎದುರು ತಂಡದವರಿಗೆ ಹೋಗುತ್ತದೆ.

ಅವರ ಕೋಚ್ "ಸ್ಟ್ಯಾಮಿನಾ ಇಲ್ಲ, ದಿನಾ ಗ್ರೌಂಡ್ 10 ರೌಂಡ್ ಹೊಡಿ" ಅಂದಿದ್ದಾರೆ. ಹೊಡೆಯುತ್ತಿದ್ದಾಳೆ. ಆಟದಲ್ಲಿ ಏನೂ ಬದಲಾಗಿಲ್ಲ, ಮನೆಗೆ ಬಂದು ಓದಲೂ ಆಗದಷ್ಟು ಸುಸ್ತಾಗುತ್ತಾಳೆ. ಫುಟ್‌ಬಾಲ್ ತಿಳಿದವರು ಹೇಳಿ. ಇದು ಸ್ಟ್ಯಾಮಿನಾ ವಿಷಯವೋ, ಕಲಿಕೆಯ ವಿಷಯವೋ? ಈ ವಯಸ್ಸಿನ ಹುಡುಗಿಗೆ ಒಂದು ಮ್ಯಾಚ್ ನಿಜವಾಗಿ ಏನು ಕೇಳುತ್ತದೆ?

ಕೋಚ್_ಹೆಬ್ಬಾಳ

ಮೇಡಂ, ಒಳ್ಳೆಯ ಪ್ರಶ್ನೆ. ಹುಡುಗಿಯರ ತಂಡಗಳಿಗೆ ಕೋಚಿಂಗ್ ಮಾಡುವವನಾಗಿ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ಮೊದಲು ದೊಡ್ಡವರ ಲೆಕ್ಕ ನೋಡಿ. ಡೆನ್ಮಾರ್ಕ್‌ನ ಮೇಲ್ದರ್ಜೆಯ 14 ಆಟಗಾರ್ತಿಯರನ್ನು ಮ್ಯಾಚ್ ಆಡುವಾಗಲೇ ಅಳೆದ ಒಂದು ಅಧ್ಯಯನ 2005ರಲ್ಲಿ ಬಂತು. ಒಬ್ಬೊಬ್ಬರು ಸರಾಸರಿ 10.3 ಕಿಲೋಮೀಟರ್ ಓಡಾಡಿದ್ದರು. ಅದರಲ್ಲಿ ಜೋರಾಗಿ ಓಡಿದ್ದು ಸುಮಾರು 1.3 ಕಿಲೋಮೀಟರ್ ಮಾತ್ರ. ಮಿಕ್ಕಿದ್ದೆಲ್ಲ ನಡಿಗೆ, ನಿಧಾನದ ಓಟ, ನಿಲ್ಲುವುದು. ಆದರೂ ಹೃದಯ ಬಡಿತ ಇಡೀ ಮ್ಯಾಚ್‌ನ ಸರಾಸರಿಯಲ್ಲಿ ಅವರವರ ಗರಿಷ್ಠದ 87% ಇತ್ತು.

ಅರ್ಧಕ್ಕಿಂತ ಜಾಸ್ತಿ ಹೊತ್ತು ನಡೆಯುತ್ತಾ ಮೆಲ್ಲಗೆ ಓಡುತ್ತಾ ಇದ್ದವರ ಎದೆ ಅಷ್ಟು ಜೋರಾಗಿ ಯಾಕೆ ಬಡಿಯಬೇಕು? ಫುಟ್‌ಬಾಲ್‌ನಲ್ಲಿ ಕೆಲವೇ ಸೆಕೆಂಡಿಗೊಮ್ಮೆ ವೇಗ ಬದಲಾಗುತ್ತದೆ. ನಡೆಯುತ್ತಿದ್ದವಳು ಹತ್ತು ಮೀಟರ್ ಚಿಮ್ಮುತ್ತಾಳೆ, ಗಕ್ಕನೆ ನಿಲ್ಲುತ್ತಾಳೆ, ತಿರುಗಿ ಹಿಂದಕ್ಕೆ ಓಡುತ್ತಾಳೆ, ಒಬ್ಬಳನ್ನು ಭುಜದಲ್ಲಿ ತಡೆಯುತ್ತಾಳೆ, ಮತ್ತೆ ಚಿಮ್ಮುತ್ತಾಳೆ. ಶಕ್ತಿ ಹೋಗುವುದು ಇಲ್ಲಿ. ಅದರಲ್ಲೂ ನಿಲ್ಲುವುದರಲ್ಲಿ. ವೇಗದಲ್ಲಿ ಬಂದ ಮೈಯನ್ನು ಎರಡು ಹೆಜ್ಜೆಯಲ್ಲಿ ತಡೆದು ನಿಲ್ಲಿಸಲು ತೊಡೆಯ ಸ್ನಾಯುಗಳು ಪಡುವ ಕಷ್ಟ ಗ್ಯಾಲರಿಯಲ್ಲಿ ಕೂತವರಿಗೆ ಕಾಣುವುದೇ ಇಲ್ಲ.

14ರ ಹುಡುಗಿಯರ ಮ್ಯಾಚ್ ಚಿಕ್ಕದು, ಓಡುವ ದೂರವೂ ಕಮ್ಮಿ. ಆದರೆ ಆಟ ಇದೇ ಥರ. ಮೈದಾನದ ಸುತ್ತ ಒಂದೇ ವೇಗದಲ್ಲಿ 10 ರೌಂಡ್ ಓಡುವಾಗ ಇದರಲ್ಲಿ ಒಂದನ್ನೂ ಮಾಡುವುದಿಲ್ಲ. ಹಠಾತ್ತಾಗಿ ನಿಲ್ಲುವುದಿಲ್ಲ, ತಿರುಗುವುದಿಲ್ಲ, ಚೆಂಡೂ ಇಲ್ಲ.

ಇನ್ನು ಚೆಂಡಿನ ವಿಷಯ. ಇಡೀ ಮ್ಯಾಚ್‌ನಲ್ಲಿ ಒಬ್ಬಳ ಕಾಲಲ್ಲಿ ಚೆಂಡು ಇರುವುದು ಎಲ್ಲ ಕೂಡಿಸಿದರೂ ಒಂದೆರಡು ನಿಮಿಷ. ಆ ಹೊತ್ತಿನಲ್ಲಿ ಅವಳು ಮಾಡಬೇಕಾದ್ದು ತುಂಬಾ ಇದೆ. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡಬೇಕು. ಮೈಯನ್ನು ಅರ್ಧ ತಿರುಗಿಸಿ ನಿಲ್ಲಬೇಕು. ಮೊದಲ ಟಚ್‌ನಲ್ಲೇ ಚೆಂಡನ್ನು ಖಾಲಿ ಜಾಗಕ್ಕೆ ತಳ್ಳಬೇಕು. ಸುಸ್ತಾದಾಗ ಮೊದಲು ಹೋಗುವುದು ಈ ತಲೆ ಎತ್ತಿ ನೋಡುವ ಅಭ್ಯಾಸ. ಆಮೇಲೆ ಊರಿದ ಕಾಲು. ಒದೆಯುವ ಕಾಲನ್ನೇ ಎಲ್ಲರೂ ನೋಡುತ್ತಾರೆ, ಆದರೆ ಊರಿದ ಕಾಲು ಚೆಂಡಿನಿಂದ ಅರ್ಧ ಅಡಿ ಹಿಂದೆ ಬಿದ್ದರೂ ಪಾಸ್ ಎಲ್ಲೋ ಹೋಗುತ್ತದೆ. ನಿಮ್ಮ ಮಗಳಿಗೆ ಸೆಕೆಂಡ್ ಹಾಫ್‌ನಲ್ಲಿ ಆಗುತ್ತಿರುವುದು ಇದೇ ಅಂತ ನನಗನ್ನಿಸುತ್ತದೆ. ಪಾಸ್ ಮಾಡುವುದು ಅವಳಿಗೆ ಗೊತ್ತು. ಏದುಸಿರು ಬಿಡುತ್ತಾ ಪಾಸ್ ಮಾಡುವುದನ್ನು ಯಾರೂ ಕಲಿಸಿಲ್ಲ.

ಹಾಗಾಗಿ ನಾನು ಮಾಡಿಸುವುದು ನಾಲ್ಕು ಜನ ಎದುರು ನಾಲ್ಕು ಜನರ ಆಟ. ಸುಮಾರು 25 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗ. ಮೂರು ನಿಮಿಷ ಪೂರ್ತಿ ಜೋರಾಗಿ ಆಟ, ಎರಡು ನಿಮಿಷ ಬಿಡುವು, ಮತ್ತೆ ಆಟ. ಹೀಗೆ ನಾಲ್ಕೈದು ಸಲ. ಚೆಂಡು ಹೊರಗೆ ಹೋದ ತಕ್ಷಣ ಇನ್ನೊಂದು ಚೆಂಡು ಒಳಗೆ ಬರಬೇಕು. ಎದೆ ಬಡಿತ ಮ್ಯಾಚ್‌ನಷ್ಟೇ ಏರುತ್ತದೆ, ಮತ್ತೆ ಪ್ರತಿ ಹುಡುಗಿಗೂ ಚೆಂಡು ಸಿಗುತ್ತದೆ. ಒಂದು ಕೊರತೆ ಇದೆ. ಚಿಕ್ಕ ಜಾಗದಲ್ಲಿ ಪೂರ್ತಿ ವೇಗದ ಓಟ ಸಿಗುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ಮೀಟರ್‌ನ ಆರೇಳು ಓಟ ಬೇರೆಯಾಗಿ ಬೇಕು, ಪ್ರತಿ ಓಟದ ನಡುವೆ ಪೂರ್ತಿ ವಿಶ್ರಾಂತಿ ಕೊಟ್ಟು.

ಆಸ್ಟಿನ್‌ಟೌನ್_ಸೆಂಟರ್‌ಹಾಫ್

ಕೋಚ್ ಸರ್ ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಆದರೆ ಓಟವನ್ನು ಇಷ್ಟು ಕೆಳಗೆ ಹಾಕಬೇಡಿ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಲ್ಲಿ ಆಡಿ ಬೆಳೆದ ನಮ್ಮೆಲ್ಲರಿಗೂ ಬೆಳಗಿನ ಜಾವದ ಓಟವೇ ಬುನಾದಿ. ಉಸಿರೇ ಇಲ್ಲದಿದ್ದರೆ ಟೆಕ್ನಿಕ್ ಎಲ್ಲಿಂದ ಬರುತ್ತದೆ? ಈಗಿನ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಆ ಬುನಾದಿಯೇ ಇರುವುದಿಲ್ಲ. 12 ವರ್ಷದವರೆಗೆ ಬೀದಿಯಲ್ಲಿ ಓಡಲೂ ಬಿಟ್ಟಿರುವುದಿಲ್ಲ. ಆಮೇಲೆ ಒಂದು ದಿನ ಬೂಟ್ಸ್ ಹಾಕಿಸಿ ದೊಡ್ಡ ಗ್ರೌಂಡಿಗೆ ಇಳಿಸುತ್ತೇವೆ.

ಕೋಚ್_ಹೆಬ್ಬಾಳ

ಸರ್, ನೀವು ಹೇಳಿದ ಕೊನೆಯ ಮಾತೇ ಇಡೀ ವಿಷಯದ ಬೇರು. ಗೌತಮಪುರದ ಹುಡುಗ ಐದನೇ ವಯಸ್ಸಿಂದ ಬೀದಿಯಲ್ಲಿ ದಿನಕ್ಕೆ ಎರಡು ಮೂರು ಗಂಟೆ ಚೆಂಡಿನ ಜೊತೆ ಕಳೆದಿರುತ್ತಾನೆ. ಅವನಿಗೆ ಬೆಳಗಿನ ಓಟ ಅದರ ಮೇಲೆ ಸೇರಿದ್ದು. ನನ್ನ ಬಳಿ ಬರುವ ಹುಡುಗಿಗೆ ಆ ಸಾವಿರಾರು ಟಚ್ ಸಿಕ್ಕೇ ಇಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ ಅವಳು ಗ್ರೌಂಡಿನಲ್ಲಿ ಇರುತ್ತಾಳೆ. ಅದರಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ರೌಂಡಿಗೆ ಹೋದರೆ ಅಷ್ಟೂ ಹೊತ್ತು ಚೆಂಡಿಲ್ಲದೆ ಹೋಯಿತು. ಅವಳಿಗಿರುವ ಸಮಯ ಕಮ್ಮಿ, ಸರ್. ನನ್ನ ತಕರಾರು ಓಟದ ಮೇಲಲ್ಲ, ಆ ಸಮಯವನ್ನು ಎಲ್ಲಿ ಖರ್ಚು ಮಾಡುತ್ತೇವೆ ಅನ್ನುವುದರ ಮೇಲೆ.

ಲೆಫ್ಟ್‌ಬ್ಯಾಕ್_ಶಿವಮೊಗ್ಗ

ಆಂಟಿ, ನಾನು ಸಬ್‌ಜೂನಿಯರ್ ಮಟ್ಟದಲ್ಲಿ ಆಡಿದ್ದೇನೆ, ಈಗ ಕಾಲೇಜು ತಂಡದಲ್ಲಿದ್ದೇನೆ. ಒಳಗೆ ಆಡುವವಳಿಗೆ ಹೇಗನ್ನಿಸುತ್ತದೆ ಅಂತ ಹೇಳುತ್ತೇನೆ.

ಹುಡುಗಿಯರ ಮ್ಯಾಚ್‌ನಲ್ಲಿ ಚೆಂಡು ಬಹಳ ಬೇಗ ಕೈ ಬದಲಾಯಿಸುತ್ತದೆ. ನಾವು ಗೆದ್ದೆವು ಅಂದುಕೊಂಡು ಮುಂದಕ್ಕೆ ಓಡುತ್ತೇವೆ, ಎರಡನೇ ಪಾಸ್‌ಗೇ ಕಳೆದುಕೊಳ್ಳುತ್ತೇವೆ, ಮತ್ತೆ ಹಿಂದಕ್ಕೆ ಓಡುತ್ತೇವೆ. ಲೆಫ್ಟ್‌ಬ್ಯಾಕ್ (ಎಡಬದಿಯ ರಕ್ಷಣೆ ಆಟಗಾರ್ತಿ) ಆಗಿ ನನ್ನ ಓಟದಲ್ಲಿ ಬಹಳಷ್ಟು ಹೀಗೆ ಸುಮ್ನೆ ಹೋಗುತ್ತಿತ್ತು. ತಂಡ ನಾಲ್ಕು ಪಾಸ್ ಜೋಡಿಸಲು ಕಲಿತ ಮೇಲೆ ಅದೇ ನಾನು ಕೊನೆಯವರೆಗೂ ಆಡುತ್ತಿದ್ದೆ. ಸ್ಟ್ಯಾಮಿನಾ ದಿಢೀರನೆ ಬೆಳೆದಿರಲಿಲ್ಲ. ಚೆಂಡು ನಮ್ಮ ಬಳಿ ಉಳಿಯುತ್ತಿತ್ತು, ಅಷ್ಟೇ. ಹಾಗಾಗಿ ನಿಮ್ಮ ಮಗಳೊಬ್ಬಳ ಸುಸ್ತು ಅಂತ ನೋಡಬೇಡಿ, ಇಡೀ ತಂಡ ಹೇಗೆ ಆಡುತ್ತಿದೆ ನೋಡಿ.

ಇನ್ನೊಂದು ಮಾತು. ಟೂರ್ನಿಗಳಲ್ಲಿ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಮ್ಯಾಚ್ ಇಡುತ್ತಾರೆ. ಎರಡನೇ ಮ್ಯಾಚ್‌ಗೆ ಕಾಲು ಎತ್ತಲು ಆಗುವುದಿಲ್ಲ. ಅದನ್ನು ನೋಡಿ "ಇವಳಿಗೆ ಮನಸ್ಸಿಲ್ಲ" ಅನ್ನುತ್ತಾರೆ. ಆ ಮಾತು ಬಹಳ ನೋಯಿಸುತ್ತದೆ.

ಬಿಳಿ ಚಡ್ಡಿಯ ಬಗ್ಗೆಯೂ ಹೇಳಲೇಬೇಕು. ಮುಟ್ಟಿನ ದಿನ ಬಿಳಿ ಚಡ್ಡಿ ಹಾಕಿ ಸ್ಲೈಡ್ ಟ್ಯಾಕಲ್ (ನೆಲದ ಮೇಲೆ ಜಾರಿ ಚೆಂಡು ಕಸಿಯುವುದು) ಮಾಡಲು ಯಾವ ಹುಡುಗಿಗೂ ಧೈರ್ಯ ಬರುವುದಿಲ್ಲ. ಅರ್ಧ ಗಮನ ಅಲ್ಲೇ ಇರುತ್ತದೆ. ಇಂಗ್ಲೆಂಡ್ ಮಹಿಳಾ ತಂಡವೇ 2023ರಲ್ಲಿ ಬಿಳಿ ಬಿಟ್ಟು ನೀಲಿ ಚಡ್ಡಿಗೆ ಬಂತು. ನಮ್ಮ ಶಾಲೆಗಳು ಇದನ್ನು ನಾಳೆಯೇ ಮಾಡಬಹುದು.

ಮೈಸೂರಿನ_ಅಮ್ಮ

ಇದನ್ನು ಓದಿ ಮಗಳು "ನನ್ನ ಮನಸ್ಸಲ್ಲಿ ಇದ್ದಿದ್ದನ್ನೇ ಅಕ್ಕ ಬರೆದಿದ್ದಾರೆ" ಅಂದಳು. ನಮ್ಮ ಶಾಲೆಯ ಚಡ್ಡಿಯೂ ಬಿಳಿಯದೇ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಕೇಳುತ್ತೇನೆ.

ಫಿಸಿಯೋ_ಹುಬ್ಬಳ್ಳಿ

ಮಂಡಿಯ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಹುಡುಗಿಯರ ಫುಟ್‌ಬಾಲ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವುದು ಸುಮಾರು 12ನೇ ವಯಸ್ಸಿಗೆ. ಹುಡುಗರಿಗೆ ಇದು ಎರಡು ವರ್ಷ ತಡ. ಕಾಲು ಉದ್ದವಾಗುತ್ತದೆ, ತೂಕ ಏರುತ್ತದೆ, ಆದರೆ ಸ್ನಾಯುಗಳ ಬಲ ಅದರ ಹಿಂದೆ ನಿಧಾನವಾಗಿ ಬರುತ್ತದೆ. 11ರಲ್ಲಿ ಚೆನ್ನಾಗಿ ಆಡುತ್ತಿದ್ದ ಹುಡುಗಿ 13ಕ್ಕೆ ಎಡವುತ್ತಾಳೆ, ಚೆಂಡಿನ ಹಿಡಿತ ತಪ್ಪುತ್ತದೆ. ಆಟ ಮರೆತುಹೋಗಿದೆ ಅಂತಲ್ಲ. ಹೊಸ ಉದ್ದದ ಕಾಲಿಗೆ ಅವಳು ಹೊಂದಿಕೊಳ್ಳುತ್ತಿದ್ದಾಳೆ. ಈ ಹೊತ್ತಿನಲ್ಲಿ ಅವಳನ್ನು ಬೆಂಚಿನಲ್ಲಿ ಕೂರಿಸಿದರೆ ಆಟ ಬಿಟ್ಟೇ ಹೋಗುತ್ತಾಳೆ.

ಇದೇ ವಯಸ್ಸಿಂದ ಎಸಿಎಲ್ ಅಪಾಯ ಶುರುವಾಗುತ್ತದೆ. ಮಂಡಿಯ ಒಳಗಿನ ಮುಖ್ಯ ಲಿಗಮೆಂಟ್ ಅದು. ಅದು ಹರಿಯುವ ಸಾಧ್ಯತೆ ಹುಡುಗರಿಗಿಂತ ಹುಡುಗಿಯರಿಗೆ ಎರಡು ಮೂರು ಪಟ್ಟು ಜಾಸ್ತಿ. ಹೆಚ್ಚಿನ ಸಲ ಯಾರೂ ಗುದ್ದಿರುವುದಿಲ್ಲ. ಓಡುತ್ತಾ ಇದ್ದವಳು ಹಠಾತ್ತಾಗಿ ನಿಲ್ಲುತ್ತಾಳೆ ಅಥವಾ ತಿರುಗುತ್ತಾಳೆ, ಇಲ್ಲವೇ ಹೆಡ್ ಮಾಡಿ (ಹಾರಿ ತಲೆಯಿಂದ ಚೆಂಡು ಹೊಡೆದು) ಒಂದೇ ಕಾಲ ಮೇಲೆ ಇಳಿಯುತ್ತಾಳೆ. ಮಂಡಿ ಒಳಗಡೆಗೆ ವಾಲುತ್ತದೆ, ಅಷ್ಟೇ ಸಾಕು. ಆಪರೇಷನ್ ಆದರೆ ಒಂಬತ್ತು ತಿಂಗಳಾದರೂ ಆಟವಿಲ್ಲ.

ಆದರೆ ಇದನ್ನು ಬಹಳ ಮಟ್ಟಿಗೆ ತಡೆಯಬಹುದು. ಸ್ವೀಡನ್‌ನಲ್ಲಿ 12ರಿಂದ 17 ವಯಸ್ಸಿನ 4,500ಕ್ಕೂ ಹೆಚ್ಚು ಹುಡುಗಿಯರ ಮೇಲೆ ಒಂದು ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ತಂಡಗಳು ವಾರಕ್ಕೆರಡು ಸಲ ಹದಿನೈದು ನಿಮಿಷ ಮಂಡಿಯ ವ್ಯಾಯಾಮ ಮಾಡಿದವು. ಒಂದೇ ಕಾಲ ಮೇಲೆ ಕುಕ್ಕರಿಸಿ ಏಳುವುದು, ಮುಂದಕ್ಕೆ ಹೆಜ್ಜೆಯಿಟ್ಟು ಬಗ್ಗುವುದು, ಹಾರಿ ಸರಿಯಾಗಿ ಇಳಿಯುವುದು, ಸೊಂಟ ಎತ್ತಿ ಹಿಡಿಯುವುದು, ಇಂಥವು. ಆ ತಂಡಗಳಲ್ಲಿ ಎಸಿಎಲ್ ಗಾಯ 64% ಕಮ್ಮಿಯಾಯಿತು. ಫಿಫಾದ 11 ಪ್ಲಸ್ ವಾರ್ಮ್‌ಅಪ್ ಅನ್ನು ನಾರ್ವೆಯಲ್ಲಿ 13ರಿಂದ 17ರ ಹುಡುಗಿಯರ ಮೇಲೆ ಪರೀಕ್ಷಿಸಿದಾಗಲೂ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಮ್ಮಿಯಾದವು. ಅದಕ್ಕೆ ಬೇಕಾದ್ದು 20 ನಿಮಿಷ, ಒಂದು ಚೆಂಡು, ನಾಲ್ಕಾರು ಕೋನ್. ಜಿಮ್ ಬೇಡ, ದುಡ್ಡು ಬೇಡ.

ರೌಂಡ್ ಹೊಡೆಸುವ 20 ನಿಮಿಷವನ್ನು ಇದಕ್ಕೆ ಕೊಡಿ ಅಂತ ಎಲ್ಲ ಪಿಟಿ ಮೇಷ್ಟ್ರುಗಳನ್ನೂ ಕೈ ಮುಗಿದು ಕೇಳುತ್ತೇನೆ.

ಡಾಕ್ಟರ್_ದಾವಣಗೆರೆ

ಮೈಸೂರಿನ ಅಮ್ಮ, "ಓದಲೂ ಆಗದಷ್ಟು ಸುಸ್ತು" ಅಂದಿರಲ್ಲ, ಅದನ್ನು ಕೋಚಿಂಗ್ ಚರ್ಚೆಯಲ್ಲೇ ಬಿಟ್ಟುಬಿಡಬೇಡಿ. ಒಂದು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣಾಂಶದ ದಾಸ್ತಾನಿನ ಅಳತೆ) ಕೂಡ ನೋಡಲು ಹೇಳಿ. ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ 59.1% ಮಂದಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣಾಂಶದ ದಾಸ್ತಾನು ಖಾಲಿಯಾಗಿರುವ ಹುಡುಗಿಯರೂ ಇರುತ್ತಾರೆ. ಅವರು ಮೊದಲ ಹಾಫ್ ಹೇಗೋ ಆಡುತ್ತಾರೆ, ಆಮೇಲೆ ಕುಸಿಯುತ್ತಾರೆ. ಅಂಥವಳಿಗೆ ಇನ್ನಷ್ಟು ರೌಂಡ್ ಹೊಡೆಸುವುದು ತಪ್ಪು.

ಊಟದ ಜೊತೆ ಟೀ, ಕಾಫಿ ಬೇಡ, ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೊಪ್ಪು, ಹುರುಳಿಕಾಳು ತಿನ್ನುವಾಗ ನಿಂಬೆಹಣ್ಣು ಹಿಂಡಿಕೊಳ್ಳಲಿ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಮಕ್ಕಳು ಎಸೆಯುತ್ತಾರೆ. ಆಡುವ ಹುಡುಗಿಯರಾದರೂ ಎಸೆಯದಂತೆ ನೋಡಿಕೊಳ್ಳಿ. ಮಾತ್ರೆಯ ಪ್ರಮಾಣವನ್ನು ನೀವೇ ಹೆಚ್ಚಿಸಬೇಡಿ, ಅದನ್ನು ಡಾಕ್ಟರ್ ಹೇಳಲಿ. ಮತ್ತೆ, ಮುಟ್ಟು ಶುರುವಾಗಿದ್ದ ಹುಡುಗಿಗೆ ಮೂರು ತಿಂಗಳು ನಿಂತುಹೋದರೆ "ಆಟ ಆಡುತ್ತಾಳೆ, ಅದಕ್ಕೇ" ಅಂತ ಸುಮ್ಮನಿರಬೇಡಿ. ಹೆಚ್ಚಿನ ಸಲ ಅದು ಆಟಕ್ಕೆ ತಕ್ಕಷ್ಟು ಊಟ ಇಲ್ಲ ಅನ್ನುವುದರ ಗುರುತು.

ಡಲ್ಲಾಸ್_ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಮಗಳನ್ನು ಆಡಿಸುತ್ತಿರುವುದರಿಂದ ಒಂದು ವ್ಯತ್ಯಾಸ ಹೇಳುತ್ತೇನೆ. ಇಲ್ಲಿ 10 ವರ್ಷದೊಳಗಿನವರು ಏಳು ಜನ ಎದುರು ಏಳು ಜನ, 12ರೊಳಗಿನವರು ಒಂಬತ್ತು ಎದುರು ಒಂಬತ್ತು ಆಡುತ್ತಾರೆ. ಗ್ರೌಂಡ್ ಚಿಕ್ಕದು, ಗೋಲ್ ಚಿಕ್ಕದು, 4ನೇ ನಂಬರ್ ಚೆಂಡು. 13ಕ್ಕೆ ಪೂರ್ತಿ ಗ್ರೌಂಡ್, 5ನೇ ನಂಬರ್. 10 ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಹೆಡ್ ಮಾಡುವಂತೆಯೇ ಇಲ್ಲ. ಊರಿಗೆ ಬಂದಾಗ ನೋಡಿದ ಒಂದು ಟೂರ್ನಿಯಲ್ಲಿ 11, 12ರ ಹುಡುಗಿಯರು ದೊಡ್ಡವರ ಗ್ರೌಂಡಿನಲ್ಲೇ ಆಡುತ್ತಿದ್ದರು. ಪಾಪ, ಎಷ್ಟೋ ಮಕ್ಕಳು ಬಹಳ ಹೊತ್ತು ಚೆಂಡನ್ನೇ ಮುಟ್ಟಲಿಲ್ಲ.

ಒಂದು ಪ್ರಶ್ನೆ. ಇಲ್ಲಿ ಕ್ಲಬ್‌ನವರು ಮಕ್ಕಳಿಗೂ ಓಡಿದ ದೂರ, ವೇಗ ಅಳೆಯುವ ಜಿಪಿಎಸ್ ವೆಸ್ಟ್ ಹಾಕಿಸುತ್ತಾರೆ. ಇದರಿಂದ ಪ್ರಯೋಜನ ಇದೆಯಾ?

ಕೋಚ್_ಹೆಬ್ಬಾಳ

ಸರ್, ವೆಸ್ಟ್ ಕೊಡುವ ಅಂಕಿಯನ್ನು ಹುಷಾರಾಗಿ ಓದಬೇಕು. ಮಹಿಳೆಯರ ವಿಶ್ವಕಪ್‌ನಲ್ಲಿ ಗಂಟೆಗೆ 19 ಕಿಲೋಮೀಟರ್ ದಾಟಿದರೆ ಜೋರು ಓಟ, 23 ದಾಟಿದರೆ ಸ್ಪ್ರಿಂಟ್ ಅಂತ ಲೆಕ್ಕ ಹಾಕುತ್ತಾರೆ. 12ರ ಹುಡುಗಿಗೆ ಅದೇ ಗೆರೆ ಎಳೆದರೆ ಅವಳು ಪೂರ್ತಿ ಶಕ್ತಿ ಹಾಕಿ ಓಡಿದರೂ "ಸ್ಪ್ರಿಂಟ್ ಸೊನ್ನೆ" ಅಂತ ಬರಬಹುದು. ಅದನ್ನು ಮಗುವಿಗೆ ತೋರಿಸಿ ಬೈಯುವುದು ಅನ್ಯಾಯ. ಆ ದುಡ್ಡಿಗೆ ಹತ್ತು ಚೆಂಡು ಕೊಳ್ಳಿ ಅಂತ ನಾನಾದರೆ ಹೇಳುತ್ತೇನೆ. ಫಿಟ್‌ನೆಸ್ ಅಳೆಯಲೇಬೇಕು ಅಂದರೆ ಯೋಯೋ ಟೆಸ್ಟ್ ಸಾಕು. 20 ಮೀಟರ್ ಹೋಗಿ ಬರುವುದು, 10 ಸೆಕೆಂಡ್ ಬಿಡುವು, ಬೀಪ್ ವೇಗ ಏರುತ್ತಾ ಹೋಗುತ್ತದೆ. ಅದರಲ್ಲಿ ನಿಲ್ಲುವುದೂ ತಿರುಗುವುದೂ ಇದೆ. ಮೂರು ತಿಂಗಳಿಗೊಮ್ಮೆ ಅವಳನ್ನು ಅವಳ ಹಿಂದಿನ ಅಂಕಿಯ ಜೊತೆಗೇ ಹೋಲಿಸಿ, ಪಕ್ಕದವಳ ಜೊತೆ ಬೇಡ.

ಗೋಲ್‌ಕೀಪರ್_ಅಪ್ಪ

ನನ್ನ ಮಗಳು 13ರ ಗೋಲ್‌ಕೀಪರ್. ದೊಡ್ಡವರ ಗೋಲ್ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅವಳು ಐದಡಿ. ತಲೆ ಮೇಲೆ ಬಂದ ಪ್ರತಿ ಚೆಂಡೂ ಗೋಲ್. ಎಲ್ಲರೂ ಅವಳನ್ನೇ ದೂರುತ್ತಾರೆ. ದೂರದಿಂದ ಎತ್ತಿ ಹೊಡೆಯುವುದನ್ನೇ ಆಟ ಅಂತ ಕಲಿಸುವ ತಂಡಗಳು ಈ ವಯಸ್ಸಿನಲ್ಲಿ ಸುಲಭವಾಗಿ ಗೆಲ್ಲುತ್ತವೆ. ಅದೇ ಹುಡುಗಿಯರು 17ಕ್ಕೆ ಬಂದಾಗ ಎದುರಿಗೆ ಎತ್ತರದ ಕೀಪರ್ ನಿಂತರೆ ಏನು ಮಾಡುತ್ತಾರೆ?

ಆಸ್ಟಿನ್‌ಟೌನ್_ಸೆಂಟರ್‌ಹಾಫ್

17 ಅಂದಾಗ ನೆನಪಾಯಿತು. 2022ರ ಅಕ್ಟೋಬರ್‌ನಲ್ಲಿ ಭುವನೇಶ್ವರದಲ್ಲಿ ನಮ್ಮ ಹುಡುಗಿಯರು 17 ವರ್ಷದೊಳಗಿನವರ ವಿಶ್ವಕಪ್ ಆಡಿದರಲ್ಲ. 11ನೇ ತಾರೀಕು ಅಮೆರಿಕ ಎದುರು 0-8, 14ನೇ ತಾರೀಕು ಮೊರೊಕ್ಕೊ ಎದುರು 0-3, 17ನೇ ತಾರೀಕು ಬ್ರೆಜಿಲ್ ಎದುರು 0-5. ಅಲ್ಲಿ ಸೋತಿದ್ದು ಸ್ಟ್ಯಾಮಿನಾದಿಂದ ಅಲ್ವಾ?

ಕೋಚ್_ಹೆಬ್ಬಾಳ

ಎರಡು ಮ್ಯಾಚ್‌ಗಳನ್ನು ಬೇರೆ ಬೇರೆಯಾಗಿ ನೋಡಿ ಸರ್. ಅಮೆರಿಕ ಎದುರು ಮೊದಲ ಹಾಫ್‌ನಲ್ಲೇ ಐದು ಗೋಲ್ ಬಿತ್ತು. ಆಗ ಯಾರಿಗೂ ಸುಸ್ತಾಗಿರಲಿಲ್ಲ. ಅವರು ಮೇಲೆ ಬಿದ್ದು ಒತ್ತಡ ಹಾಕುವಾಗ ಮೊದಲ ಟಚ್‌ಗೆ ಸಮಯವೇ ಸಿಗಲಿಲ್ಲ. ಮೊರೊಕ್ಕೊ ಎದುರು ಮೊದಲ ಹಾಫ್ 0-0. ನಮ್ಮ ಹುಡುಗಿಯರು ಸರಿಸಮ ನಿಂತಿದ್ದರು. ಮೂರೂ ಗೋಲ್ ಸೆಕೆಂಡ್ ಹಾಫ್‌ನಲ್ಲಿ. ಅಲ್ಲಿ ಸುಸ್ತಿನ ಪಾಲು ದೊಡ್ಡದು ಅಂತ ನನ್ನ ಅನಿಸಿಕೆ, ಮೂರು ದಿನದ ಹಿಂದಷ್ಟೇ ಅಂಥ ಮ್ಯಾಚ್ ಆಡಿದ್ದರು. ಆ ಮಟ್ಟದಲ್ಲಿ ಪೂರ್ತಿ 90 ನಿಮಿಷ, ಅದೇ ಚೆಂಡು, ಅದೇ ಗೋಲ್. ಕಪ್ ಗೆದ್ದ ಸ್ಪೇನ್ ಹುಡುಗಿಯರನ್ನು ನೋಡಿದರೆ ಚೆಂಡನ್ನು ತಮ್ಮ ಬಳಿಯೇ ಇಟ್ಟುಕೊಂಡು ಎದುರಾಳಿಯನ್ನು ಓಡಿಸುತ್ತಿದ್ದರು. ಫೈನಲ್‌ನಲ್ಲಿ ಕೊಲಂಬಿಯಾ ಎದುರು 1-0ಯಿಂದ ಗೆದ್ದರು. ಮೇಲೆ ಶಿವಮೊಗ್ಗದ ಹುಡುಗಿ ಬರೆದದ್ದು ಇದನ್ನೇ.

ನಮ್ಮ ಹುಡುಗಿಯರನ್ನು ಬೈಯುವುದು ನನಗೆ ಹಿಡಿಸುವುದಿಲ್ಲ. ಅವರಿಗೆ ವರ್ಷಕ್ಕೆ ಸಿಗುವ ಒಳ್ಳೆಯ ಮ್ಯಾಚ್‌ಗಳೇ ಬೆರಳೆಣಿಕೆಯಷ್ಟು. ಆಡದೆ ಮ್ಯಾಚ್ ಫಿಟ್‌ನೆಸ್ ಬರುವುದಿಲ್ಲ. ಲೀಗ್ ಬೇಕು, ಪ್ರತಿ ವಾರ ಒಂದು ಆಟ ಬೇಕು, ಚಿಕ್ಕ ವಯಸ್ಸಿಂದಲೇ.

ಮೈಸೂರಿನ_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಕ್ತ ಪರೀಕ್ಷೆಗೆ ಈ ವಾರವೇ ಹೋಗುತ್ತೇವೆ. ಕೋಚ್ ಹತ್ತಿರ ರೌಂಡ್ ಬದಲು ವಾರ್ಮ್‌ಅಪ್ ಬಗ್ಗೆ ಮಾತಾಡುತ್ತೇನೆ. ಅವರು ಒಳ್ಳೆಯವರು, ಕೇಳುತ್ತಾರೆ ಅನ್ನುವ ನಂಬಿಕೆ ಇದೆ. ಎರಡು ಸಣ್ಣ ಪ್ರಶ್ನೆ. ಮುಟ್ಟಿನ ದಿನ ಅವಳು ಆಡಬಹುದಾ? ಮತ್ತೆ ಮಂಡಿಯ ಸ್ವಲ್ಪ ಕೆಳಗೆ ಮೂಳೆ ಉಬ್ಬಿದ ಹಾಗಿದೆ, ಒತ್ತಿದರೆ ನೋವು ಅನ್ನುತ್ತಾಳೆ. ಇದು ಎಸಿಎಲ್ಲಾ?

ಫಿಸಿಯೋ_ಹುಬ್ಬಳ್ಳಿ

ಮುಟ್ಟಿನ ದಿನ ಧಾರಾಳವಾಗಿ ಆಡಬಹುದು, ಅವಳಿಗೆ ಆಗುತ್ತದೆ ಅನ್ನಿಸಿದರೆ. ಹೊಟ್ಟೆನೋವು ಜಾಸ್ತಿ ಇದ್ದರೆ ಆ ದಿನ ಹಗುರ ಅಭ್ಯಾಸ. ನಿರ್ಧಾರ ಅವಳದ್ದೇ ಇರಲಿ.

ಮಂಡಿಯ ಕೆಳಗಿನ ಉಬ್ಬು ಎಸಿಎಲ್ ಇದ್ದ ಹಾಗಿಲ್ಲ. ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯು ಮೂಳೆಯನ್ನು ಎಳೆಯುವ ಜಾಗ ಅದು, ಓಡುವ, ಹಾರುವ ಮಕ್ಕಳಲ್ಲಿ ಅಲ್ಲಿ ನೋವು ಬರುವುದು ಸಾಮಾನ್ಯ. ಆದರೂ ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಹಾರುವುದು, ಕಾಂಕ್ರೀಟ್ ಮೇಲೆ ಓಡುವುದು ಕಮ್ಮಿ ಮಾಡಲಿ, ಆಡಿದ ಮೇಲೆ ಬಟ್ಟೆಯಲ್ಲಿ ಐಸ್ ಸುತ್ತಿ ಹತ್ತು ನಿಮಿಷ ಇಡಲಿ. ಮಂಡಿ ಊದಿಕೊಂಡರೆ, ಲಾಕ್ ಆದರೆ, ಅಥವಾ ನಡೆಯುವಾಗ ಜಾರಿದ ಹಾಗಾದರೆ ಕಾಯಬೇಡಿ, ಅದೇ ದಿನ ಹೋಗಿ. ಮತ್ತೆ ಅವಳ ಬೂಟ್ಸ್ ಅಳತೆ ನೋಡಿ. ಈ ವಯಸ್ಸಿನಲ್ಲಿ ಪಾದ ಬೇಗ ಬೆಳೆಯುತ್ತದೆ. ಟರ್ಫ್ (ಕೃತಕ ಹುಲ್ಲು) ಮೇಲೆ ಆಡುವುದಾದರೆ ಬೂಟ್ಸ್ ಅಡಿಯಲ್ಲಿ ಉದ್ದ ಸ್ಟಡ್ಸ್ (ಮೊಳೆಯಂಥ ಉಬ್ಬುಗಳು) ಬೇಡ, ಕಾಲು ಸಿಕ್ಕಿಕೊಂಡು ಮಂಡಿ ತಿರುಚುತ್ತದೆ. ಗಿಡ್ಡ ಸ್ಟಡ್ಸ್ ಇರುವ ಟರ್ಫ್ ಶೂ ತಗೊಳ್ಳಿ.